ಆಕಾಶದ ಹೇನು

1935ರ ಆಗಸ್ಟ್ 13ರಂದು ಫ್ರಾನ್ಸ್ ಕಡೆಯಿಂದ ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಿ ಒಂದು ವಿಚಿತ್ರ ವಿಮಾನ ಇಂಗ್ಲೆಂಡಿನ ಲಿಮ್ ವಿಮಾನ ನಿಲ್ದಾಣಕ್ಕೆ ಬಂದಿಳಿಯಿತು. ಉದ್ದ ಹೆಚ್ಚೆಂದರೆ ಮೂರೂವರೆ ಮೀಟರ್. ಒಂದು ರೆಕ್ಕೆಯ ತುದಿಯಿಂದ ಇನ್ನೊಂದರ ತುದಿಗೆ ಆರು ಮೀಟರ್. ಬಾಲ ಇರಬೇಕಾದ ಜಾಗದಲ್ಲಿ ಮತ್ತೊಂದು ಜೊತೆ ರೆಕ್ಕೆ. ಮೂತಿಯಲ್ಲಿ ಒಂದು ಪುಟ್ಟ ಎಂಜಿನ್. ಪ್ಲೈವುಡ್ಡಿನ ಪೆಟ್ಟಿಗೆಗೆ ಬಟ್ಟೆ ಹೊದಿಸಿದ ರೆಕ್ಕೆ ಸಿಕ್ಕಿಸಿ, ಒಳಗೊಬ್ಬ ಮನುಷ್ಯನನ್ನು ಕೂರಿಸಿದಂತೆ ಕಾಣುತ್ತಿತ್ತು. ಅದನ್ನು ನಡೆಸಿಕೊಂಡು ಬಂದವನೇ ಅದನ್ನು ಕಲ್ಪಿಸಿ, ಕೈಯಾರೆ ಮಾಡಿದವನು. ಅವನ ಹೆಸರು ಆನ್ರಿ ಮಿನ್ಯೆ.

ಈ ವಿಮಾನಕ್ಕೆ ಮಿನ್ಯೆ ಇಟ್ಟ ಹೆಸರು 'ಪೂ ದ್ಯು ಸಿಯೆಲ್'. ಕನ್ನಡದಲ್ಲಿ ಹೇಳುವುದಾದರೆ 'ಆಕಾಶದ ಹೇನು'. ಫ್ರಾನ್ಸಿನ ಜನ ಅಗ್ಗದ ಫೋರ್ಡ್ ಕಾರನ್ನು 'ರಸ್ತೆಯ ಹೇನು' ಎಂದು ತಮಾಷೆ ಮಾಡುತ್ತಿದ್ದರಂತೆ. ರಸ್ತೆಗೆ ಅದು ಹೇಗೋ ಆಕಾಶಕ್ಕೆ ತನ್ನ ವಿಮಾನ ಹಾಗೆ ಎಂಬುದು ಮಿನ್ಯೆಯ ಲೆಕ್ಕ. ಇಂಗ್ಲಿಷರಿಗೆ ಹೇನು ಎನ್ನಲು ಅಸಹ್ಯವಾಯಿತೋ ಏನೋ, ಅವರು ಅದನ್ನು ಚಿಗಟ ಮಾಡಿಕೊಂಡು 'ಫ್ಲೈಯಿಂಗ್ ಫ್ಲೀ' ಎಂದು ಕರೆದರು. ಅಮೆರಿಕದ ಸಿನ್ಸಿನಾಟಿಯಲ್ಲಿ ರೇಡಿಯೊ ತಯಾರಿಕೆಯಿಂದ ಹಣ ಮಾಡಿದ್ದ ಪವೆಲ್ ಕ್ರಾಸ್ಲಿ 1935ರಲ್ಲಿ ಇಂಥದೇ ಒಂದನ್ನು ಕಟ್ಟಿಸಿ 'ಲಾ ಕುಕರಾಚಾ', ಅಂದರೆ ಜಿರಲೆ ಎಂದು ಹೆಸರಿಟ್ಟ. ಹೀಗೆ ದೇಶದಿಂದ ದೇಶಕ್ಕೆ ಕೀಟ ಬದಲಾಯಿತು, ವಿಮಾನ ಒಂದೇ.

ಆ ಎರಡು ಮೂರು ವರ್ಷಗಳಲ್ಲಿ ಯೂರೋಪಿನ ಎಷ್ಟೋ ಮನೆಗಳ ಹಿತ್ತಿಲಲ್ಲಿ, ಕಾರಿನ ಷೆಡ್ಡಿನಲ್ಲಿ ಈ ಹೇನು ಹುಟ್ಟಿತು. ಅದನ್ನು ಕಟ್ಟಿದವರಲ್ಲಿ ಅನೇಕರು ಅಲ್ಲಿಯವರೆಗೆ ವಿಮಾನದೊಳಗೆ ಕಾಲಿಟ್ಟವರೇ ಅಲ್ಲ. ಅವರಲ್ಲಿ ಕೆಲವರು ಮಾತ್ರ ಹಾರಿದರು. ಹಾರಿದವರಲ್ಲಿ ಕೆಲವರು ಸತ್ತರು. ಏಕೆ ಸತ್ತರು ಎಂಬುದು ತಕ್ಷಣಕ್ಕೆ ಯಾರಿಗೂ ಹೊಳೆಯಲಿಲ್ಲ. ಅದನ್ನು ಮಾಡಿದವನಿಗೂ ಹೊಳೆಯಲಿಲ್ಲ.

ಶ್ರೀಮಂತರ ಆಟ

ಹುಚ್ಚು ಅಷ್ಟು ಬೇಗ ಹಬ್ಬಿದ್ದೇಕೆ ಎಂದು ತಿಳಿಯಬೇಕಾದರೆ ಆ ಕಾಲದ ಹಾರಾಟದ ಖರ್ಚನ್ನು ನೋಡಬೇಕು. ಬ್ರಿಟನ್ನಿನ ಡಿ ಹ್ಯಾವಿಲೆಂಡ್ ಕಂಪನಿ 1925ರಲ್ಲಿ 'ಮಾತ್' ಎಂಬ ಎರಡು ಆಸನದ ಪುಟ್ಟ ವಿಮಾನವನ್ನು ಹಾರಿಸಿತ್ತು. ಖಾಸಗಿಯವರೂ ಕೊಂಡು ಹಾರಿಸಬಹುದಾದ ವಿಮಾನ ಎಂದು ಅದು ಹೆಸರಾಯಿತು. ಬ್ರಿಟನ್ನಿನ ಫ್ಲೈಯಿಂಗ್ ಕ್ಲಬ್ಬುಗಳು ಬೆಳೆದದ್ದೇ ಅದರ ಬೆನ್ನ ಮೇಲೆ. ಆದರೆ ಅದರ ಬೆಲೆ ಆರುನೂರು ಪೌಂಡ್ ದಾಟುತ್ತಿತ್ತು. ವಾರಕ್ಕೆ ಮೂರು ಪೌಂಡಿನ ಆಸುಪಾಸು ಸಂಬಳ ಎಣಿಸುತ್ತಿದ್ದ ಕಾರ್ಖಾನೆ ಕೆಲಸಗಾರನಿಗೆ ಅದು ನಾಲ್ಕು ವರ್ಷದ ದುಡಿಮೆ. ಅದೂ ಹೊಟ್ಟೆಗೆ ಏನೂ ತಿನ್ನದೆ ಕೂಡಿಟ್ಟರೆ.

ಇನ್ನೊಂದು ಕಡೆ, ಹಾರಾಟದ ಕನಸನ್ನು ಜನರಿಗೆ ಹಚ್ಚುವ ಕೆಲಸ ಪತ್ರಿಕೆಗಳಲ್ಲಿ ಬಿಡುವಿಲ್ಲದೆ ನಡೆದಿತ್ತು. 1927ರಲ್ಲಿ ಲಿಂಡ್‌ಬರ್ಗ್ ಒಬ್ಬನೇ ಅಟ್ಲಾಂಟಿಕ್ ದಾಟಿದ. 1930ರಲ್ಲಿ ಏಮಿ ಜಾನ್ಸನ್ ಎಂಬ ತರುಣಿ ಇಂಥದೇ ಒಂದು ಮಾತ್ ವಿಮಾನದಲ್ಲಿ ಒಬ್ಬಳೇ ಇಂಗ್ಲೆಂಡಿನಿಂದ ಆಸ್ಟ್ರೇಲಿಯಕ್ಕೆ ಹೋದಳು. ಓದಿದ ಸಾಮಾನ್ಯನಿಗೆ ಆಸೆ ಹುಟ್ಟಿತು, ಕೈಯಲ್ಲಿ ದುಡ್ಡಿರಲಿಲ್ಲ. ಎಪ್ಪತ್ತು ಪೌಂಡಿನ ಆಸುಪಾಸಿನಲ್ಲಿ, ಮನೆಯಲ್ಲೇ ವಿಮಾನ ಮಾಡಿಕೊಳ್ಳಬಹುದು ಎಂದು ಮಿನ್ಯೆ ಹೇಳಿದಾಗ ಜನ ಕಿವಿ ನಿಮಿರಿಸಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಮಿನ್ಯೆ ಹುಟ್ಟಿದ್ದು 1893ರಲ್ಲಿ, ಫ್ರಾನ್ಸಿನ ಪಶ್ಚಿಮ ಭಾಗದಲ್ಲಿ. ರೇಡಿಯೊ ಕೆಲಸ ಬಲ್ಲವನು, ಮರಗೆಲಸದಲ್ಲಿ ಪಳಗಿದ ಕೈ. ಹಾರಾಟದ ಗೀಳು ಬಾಲ್ಯದ್ದು. ಗ್ಲೈಡರ್ ಹಾರಿಸಿ ಜಗತ್ತಿಗೆ ದಾರಿ ತೋರಿದ ಜರ್ಮನಿಯ ಓಟ್ಟೊ ಲಿಲಿಯೆಂತಾಲ್ 1896ರ ಆಗಸ್ಟ್‌ನಲ್ಲಿ ಅದೇ ಗ್ಲೈಡರಿನಿಂದ ಬಿದ್ದು ಸತ್ತಿದ್ದ. ಅವನ ತಮ್ಮ ಗುಸ್ತಾವ್‌ಗೆ ಮಿನ್ಯೆ ಹರೆಯದಲ್ಲಿಯೇ ಕಾಗದ ಬರೆದು ಹಾರಾಟದ ಬಗ್ಗೆ ವಿಚಾರಿಸಿಕೊಂಡ. ಅಣ್ಣನನ್ನು ಗಾಳಿಗೆ ಕಳೆದುಕೊಂಡವನು ಊರು ಕೇರಿ ಗೊತ್ತಿಲ್ಲದ ಹುಡುಗನಿಗೆ ಉತ್ತರ ಬರೆದನೆಂಬುದೇ ಈ ಗೀಳು ಎಂಥದೆಂದು ಹೇಳುತ್ತದೆ. ಅಲ್ಲಿಂದ ಮಿನ್ಯೆ ಒಂದರ ಮೇಲೊಂದರಂತೆ ವಿಮಾನಗಳನ್ನು ಮಾಡುತ್ತಲೇ ಹೋದ. ಹೆಚ್ಚಿನವು ನೆಲ ಬಿಡಲಿಲ್ಲ, ಬಿಟ್ಟವು ಬಹಳ ಹೊತ್ತು ಮೇಲಿರಲಿಲ್ಲ. ಎಂಟನೆಯದು ಚೆನ್ನಾಗಿ ಹಾರಿತು. ಅದರ ನಕ್ಷೆಯನ್ನು ಅವನು ಪ್ರಕಟಿಸಿದಾಗ ಹವ್ಯಾಸಿಗಳು ಅದನ್ನು ನೋಡಿ ತಾವೂ ಕಟ್ಟಿದರು.

ಅವನ ಮಾತಿಗೆ ಅಷ್ಟು ಬೆಲೆ ಬಂದದ್ದಕ್ಕೆ ಇದೂ ಒಂದು ಕಾರಣ. ಆತ ಕಾಲೇಜು ಮೆಟ್ಟಿಲೇರಿದ ವಿಮಾನ ಎಂಜಿನಿಯರ್ ಅಲ್ಲ, ಗೂಟ ಬಡಿದು, ಅಂಟು ಹಚ್ಚಿ, ಬಿದ್ದು, ಎದ್ದು ಕಲಿತವನು. ಓದುಗರಿಗೆ ಆತ ತಮ್ಮವನೆನಿಸಿದ.

ಎರಡು ಕಾಲು, ಎರಡು ಕೈ

ಮಿನ್ಯೆಗೆ ಮಾಮೂಲು ವಿಮಾನಗಳ ಮೇಲೆ ಒಂದು ದೊಡ್ಡ ದೂರಿತ್ತು. ಅವುಗಳನ್ನು ನಡೆಸುವ ಬಗೆಯೇ ಮನುಷ್ಯ ಸ್ವಭಾವಕ್ಕೆ ಒಗ್ಗದ್ದು ಎಂದು ಆತ ನಂಬಿದ್ದ.

ಮಾಮೂಲು ವಿಮಾನದಲ್ಲಿ ಪೈಲಟ್ ಕೈಯಲ್ಲಿ ಒಂದು ಕೋಲು ಹಿಡಿದಿರುತ್ತಾನೆ. ಅದನ್ನು ಹಿಂದಕ್ಕೆ ಎಳೆದರೆ ಮೂತಿ ಮೇಲೆ, ಮುಂದಕ್ಕೆ ತಳ್ಳಿದರೆ ಕೆಳಗೆ. ಎಡಕ್ಕೋ ಬಲಕ್ಕೋ ವಾಲಿಸಿದರೆ ರೆಕ್ಕೆಯ ತುದಿಗಳಲ್ಲಿರುವ ಐಲೆರಾನ್ ಎಂಬ ಪಟ್ಟಿಗಳು ಅಲುಗಿ ವಿಮಾನ ಆ ಕಡೆಗೆ ವಾಲುತ್ತದೆ. ಬಾಲದ ಚುಕ್ಕಾಣಿ ಮಾತ್ರ ಕಾಲಿನ ವಶ. ತಿರುಗುವಾಗ ಕೈಕಾಲು ಎರಡೂ ಒಂದಕ್ಕೊಂದು ಹೊಂದಿಕೊಂಡು ಕೆಲಸ ಮಾಡಬೇಕು. ನಿಧಾನವಾಗಿ ಹೋಗುವಾಗ ಇದು ತಪ್ಪಿದರೆ ಅಪಾಯ. ಮೂತಿ ಅತಿಯಾಗಿ ಮೇಲೆದ್ದರೆ ರೆಕ್ಕೆಯ ಮೇಲೆ ನಯವಾಗಿ ಹರಿಯುತ್ತಿದ್ದ ಗಾಳಿ ಕದಡಿ, ರೆಕ್ಕೆ ತನ್ನ ಎತ್ತುವ ಶಕ್ತಿಯನ್ನು ಏಕಾಏಕಿ ಕಳೆದುಕೊಳ್ಳುತ್ತದೆ. ಇದಕ್ಕೆ ಸ್ಟಾಲ್ ಎನ್ನುತ್ತಾರೆ. ಒಂದು ಪಕ್ಕದ ರೆಕ್ಕೆ ಮೊದಲು ಸೋತರೆ ವಿಮಾನ ಬುಗುರಿಯಂತೆ ಗಿರಕಿ ಹೊಡೆಯುತ್ತಾ ಕೆಳಗಿಳಿಯುತ್ತದೆ. ಎತ್ತರದಲ್ಲಿದ್ದರೆ ಸರಿಪಡಿಸಿಕೊಳ್ಳಬಹುದು. ನೆಲದ ಹತ್ತಿರವಾದರೆ ಅದಕ್ಕೆ ಸಮಯವಿರುವುದಿಲ್ಲ. ಹೊಸದಾಗಿ ಕಲಿಯುತ್ತಿದ್ದ ಎಷ್ಟೋ ಮಂದಿ ಹೀಗೆ ಸತ್ತರು.

ಮಿನ್ಯೆ ಮಾಡಿದ್ದೇನೆಂದರೆ, ಐಲೆರಾನನ್ನೂ ಕಾಲಿನ ಪೆಡಲುಗಳನ್ನೂ ಕಿತ್ತೆಸೆದ. ಅವನ ಹದಿನಾಲ್ಕನೆಯ ವಿಮಾನದಲ್ಲಿ ಉಳಿದದ್ದು ಒಂದೇ ಕೋಲು. ಅದನ್ನು ಪಕ್ಕಕ್ಕೆ ವಾಲಿಸಿದರೆ ಹಿಂದಿನ ದೊಡ್ಡ ಚುಕ್ಕಾಣಿ ತಿರುಗುತ್ತದೆ. ರೆಕ್ಕೆಯ ತುದಿಗಳು ಮೇಲಕ್ಕೆ ಬಾಗಿರುವುದರಿಂದ ವಿಮಾನ ತಾನಾಗಿ ವಾಲಿ ತಿರುಗುತ್ತದೆ. ಹಿಂದಕ್ಕೆ ಎಳೆದರೆ ಬಾಲದ ಪಟ್ಟಿ ಅಲುಗುವ ಬದಲು ಮುಂದಿನ ಇಡೀ ರೆಕ್ಕೆಯೇ ಓರೆಯಾಗಿ ಹೆಚ್ಚು ಗಾಳಿ ಹಿಡಿಯುತ್ತದೆ. ಮುಂದಿನ ರೆಕ್ಕೆಯ ಹಿಂಬದಿ ಅಂಚು ಹಿಂದಿನ ರೆಕ್ಕೆಯ ಮುಂಬದಿಯ ಮೇಲೆ ಬರುವಂತೆ, ನಡುವೆ ಕಿರಿದಾದ ಸಂದು ಬಿಟ್ಟು ಆತ ಎರಡನ್ನೂ ಜೋಡಿಸಿದ್ದ. ಆ ಸಂದಿನಲ್ಲಿ ನುಗ್ಗುವ ಗಾಳಿ ಸ್ಟಾಲನ್ನು ತಡೆಯುತ್ತದೆ ಎಂಬುದು ಅವನ ಯುಕ್ತಿ.

ಯುಕ್ತಿ ಫಲಿಸಿತು. ಪ್ಯಾರಿಸ್ಸಿನ ಈಶಾನ್ಯಕ್ಕೆ ಸುವಾಸೋಂ ಬಳಿಯ ಬಯಲಿನಲ್ಲಿ ಪ್ರಯೋಗ ನಡೆಸುತ್ತಿದ್ದ ಮಿನ್ಯೆ 1933ರ ಸೆಪ್ಟೆಂಬರ್ 10ರಂದು ಅದನ್ನು ಹಾರಿಸಿದ. ಸುಮಾರು 17 ಅಶ್ವಶಕ್ತಿಯ, ಮೋಟಾರ್ ಸೈಕಲ್ ಜಾತಿಯ ಎಂಜಿನ್. ಗಂಟೆಗೆ 40 ಕಿಲೋಮೀಟರಿನಷ್ಟು ನಿಧಾನವಾಗಿಯೂ ತೇಲುತ್ತಿತ್ತು, 100ರವರೆಗೂ ಓಡುತ್ತಿತ್ತು. ಕೋಲನ್ನು ಹೊಟ್ಟೆಯವರೆಗೆ ಎಳೆದರೂ ಅದು ಗಿರಕಿಗೆ ಬೀಳಲಿಲ್ಲ. ಕಲಿಯುವವರನ್ನು ಕೊಲ್ಲುತ್ತಿದ್ದ ಪಿಶಾಚಿಯನ್ನು ಕಟ್ಟಿಹಾಕಿದೆನೆಂದು ಮಿನ್ಯೆ ಭಾವಿಸಿದ. ಆ ಒಂದು ಪಿಶಾಚಿಯ ಮಟ್ಟಿಗೆ ಅದು ಸುಳ್ಳೂ ಆಗಿರಲಿಲ್ಲ.

ಪುಸ್ತಕ ಹಚ್ಚಿದ ಹುಚ್ಚು

1934ರ ಕೊನೆಗೆ ಮಿನ್ಯೆಯ ಪುಸ್ತಕ ಹೊರಬಂತು. ಹೆಸರು 'ಲ ಸ್ಪೋರ್ ದ ಲೇರ್', ಅಂದರೆ 'ಗಾಳಿಯ ಕ್ರೀಡೆ'. ವಿಮಾನದ ನಕ್ಷೆ, ಅಳತೆ, ಯಾವ ಮರ, ಎಂಥ ಅಂಟು, ಎಲ್ಲಿ ಮೊಳೆ ಎಂಬುದೆಲ್ಲ ಅದರಲ್ಲಿತ್ತು. ಕಟ್ಟಿದ ಮೇಲೆ ತಾನೇ ಹಾರುವುದನ್ನು ಕಲಿಯುವುದು ಹೇಗೆಂಬುದೂ ಇತ್ತು. ಪೆಟ್ಟಿಗೆಗೆ ಮೊಳೆ ಹೊಡೆಯಬಲ್ಲವನು ವಿಮಾನವನ್ನೂ ಮಾಡಬಲ್ಲ ಎಂಬುದು ಅದರ ಒಟ್ಟು ಧಾಟಿ. ಮಾರನೆಯ ವರ್ಷ ಬ್ರಿಟನ್ನಿನ 'ಏರ್ ಲೀಗ್' ಸಂಸ್ಥೆ ಇದರ ಇಂಗ್ಲಿಷ್ ಅನುವಾದ ಪ್ರಕಟಿಸಿತು. ಸಾವಿರಗಟ್ಟಲೆ ಪ್ರತಿಗಳು ಬಿಸಿ ಬಿಸಿಯಾಗಿ ಖರ್ಚಾದವು.

ಸರ್ಕಾರ ಇಕ್ಕಟ್ಟಿಗೆ ಸಿಕ್ಕಿತು. ಬ್ರಿಟನ್ನಿನಲ್ಲಿ ವಿಮಾನ ಹಾರಬೇಕಾದರೆ ಯೋಗ್ಯತಾ ಪತ್ರ ಬೇಕು. ಅದಕ್ಕೆ ಬೇಕಾದ ಲೆಕ್ಕಾಚಾರ, ಪರೀಕ್ಷೆಗಳನ್ನು ಕಾರ್ಖಾನೆಗಳು ಮಾಡಿಸಬಲ್ಲವು, ಹಿತ್ತಿಲಲ್ಲಿ ಮೊಳೆ ಹೊಡೆಯುವವನಲ್ಲ. ಹಾಗೆಂದು ಜನರ ಉತ್ಸಾಹಕ್ಕೆ ತಣ್ಣೀರು ಎರಚಲು ವಾಯು ಇಲಾಖೆಗೂ ಮನಸ್ಸಿರಲಿಲ್ಲ. ಯುದ್ಧದ ಮೋಡ ಕವಿಯುತ್ತಿದ್ದ ಕಾಲ, ದೇಶದಲ್ಲಿ ಹಾರಬಲ್ಲವರು ಹೆಚ್ಚಿದಷ್ಟೂ ಒಳ್ಳೆಯದೆಂಬ ಮಾತು ಎಲ್ಲೆಡೆ ಕೇಳುತ್ತಿತ್ತು. ಇಲಾಖೆ 'ಹಾರಾಟ ಪರವಾನಗಿ' ಎಂಬ ಹೊಸ ಸುಲಭದ ಕಾಗದವನ್ನು ಹುಟ್ಟುಹಾಕಿತು. ಅದರ ಮೊದಲನೆಯ ಸಂಖ್ಯೆ ಪಡೆದದ್ದು ಒಂದು ಹೇನು. ಸ್ಟೀಫನ್ ಆ್ಯಪಲ್‌ಬಿ ಎಂಬ ತರುಣ ಕಟ್ಟಿದ ಅದು 1935ರ ಜುಲೈನಲ್ಲಿ ಲಂಡನ್ನಿನ ಹೆಸ್ಟನ್ ನಿಲ್ದಾಣದಿಂದ ಮೇಲೆದ್ದಿತು.

ಆ್ಯಪಲ್‌ಬಿಗೆ ನೆರವಾದವರು ಸರ್ ಜಾನ್ ಕಾರ್ಡನ್, ಬ್ರಿಟನ್ನಿನ ಹೆಸರಾಂತ ಟ್ಯಾಂಕ್ ವಿನ್ಯಾಸಕಾರ. ಅವರು ಫೋರ್ಡ್ ಕಾರಿನ ಎಂಜಿನ್ನನ್ನು ತಿದ್ದಿ ಹೇನಿಗೆ ಒಪ್ಪುವಂತೆ ಮಾಡಿಕೊಟ್ಟರು. 1935ರ ಡಿಸೆಂಬರ್ ಮೊದಲ ವಾರ ಆ್ಯಪಲ್‌ಬಿ ಅದೇ ಎಂಜಿನ್ ಕೂರಿಸಿದ ಹೇನಿನಲ್ಲಿ ಕಡಲ್ಗಾಲುವೆ ದಾಟಿ ಫ್ರಾನ್ಸ್ ಸೇರಿದ. ಅದಾಗಿ ಕೆಲವೇ ದಿನ, ಡಿಸೆಂಬರ್ 10ರಂದು ಸರ್ ಜಾನ್ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಅವರು ಸತ್ತದ್ದು ಹೇನಿನಲ್ಲಲ್ಲ, ಬ್ರಸೆಲ್ಸ್‌ನಿಂದ ಲಂಡನ್ನಿಗೆ ಟಿಕೆಟ್ ಕೊಟ್ಟು ಕುಳಿತಿದ್ದ ಬೆಲ್ಜಿಯಂ ಕಂಪನಿಯ ಪ್ರಯಾಣಿಕ ವಿಮಾನದಲ್ಲಿ. ಆ ಕಾಲದಲ್ಲಿ ಯಾವುದು ಅಪಾಯ, ಯಾವುದು ಸುರಕ್ಷಿತ ಎಂದು ಗೆರೆ ಎಳೆಯುವುದು ಅಷ್ಟು ಸುಲಭವಿರಲಿಲ್ಲ.

ಬ್ರಿಟನ್ನಿನಲ್ಲಿ ನೂರಕ್ಕೂ ಹೆಚ್ಚು ಹೇನುಗಳು ನೋಂದಣಿಯಾದವು. ಅರ್ಧಕ್ಕೆ ನಿಂತವು, ಹೇಳದೆ ಕೇಳದೆ ಕಟ್ಟಿದವು ಇನ್ನೆಷ್ಟೋ. ಇವುಗಳಲ್ಲಿ ಬಹಳಷ್ಟು ಹುಲ್ಲಿನ ಮೇಲೆ ಕುಪ್ಪಳಿಸಿದ್ದೇ ಬಂತು, ಹಾರಲಿಲ್ಲ. ಎಂಜಿನ್ ಸೋಲುತ್ತಿತ್ತು, ಕೆಲಸ ಓರೆಕೋರೆಯಾಗಿರುತ್ತಿತ್ತು. ಹಾಗೆ ಹಾರದೆ ಉಳಿದದ್ದು ಎಷ್ಟು ಜನರ ಪ್ರಾಣ ಉಳಿಸಿತೋ.

ಮೂತಿ ಕೆಳಗಾದಾಗ

1936ರ ವಸಂತದಿಂದ ಬ್ರಿಟನ್ನಿನಲ್ಲಿ ಸಾವಿನ ಸುದ್ದಿಗಳು ಬರತೊಡಗಿದವು. ಅತ್ತ ಫ್ರಾನ್ಸಿನಿಂದಲೂ ಅಂಥವೇ ಸುದ್ದಿಗಳು. ಕಂಡವರು ಹೇಳಿದ್ದು ಬಹುತೇಕ ಒಂದೇ ಬಗೆ. ಚೆನ್ನಾಗಿಯೇ ಹಾರುತ್ತಿದ್ದ ವಿಮಾನ ಮೂತಿ ಕೆಳಗೆ ಮಾಡಿತು, ಇಳಿಜಾರು ಕಡಿದಾಗುತ್ತಾ ಹೋಯಿತು, ಮತ್ತೆ ಮೂತಿ ಎತ್ತಲೇ ಇಲ್ಲ.

ಮೊದಮೊದಲು ಸಿದ್ಧ ಉತ್ತರವೊಂದಿತ್ತು: ಕಟ್ಟಿದವನು ಕಸುಬಿಲ್ಲದವನು, ಹಾರಿದವನು ಕಲಿಯದವನು. ಈ ಉತ್ತರ ಹೆಚ್ಚು ದಿನ ನಿಲ್ಲಲಿಲ್ಲ. ಏಕೆಂದರೆ ಬ್ರಿಟನ್ನಿನಲ್ಲಿ ಸತ್ತವರ ಪೈಕಿ ರಾಯಲ್ ಏರ್‌ಫೋರ್ಸಿನ ಅಧಿಕಾರಿಗಳೂ ಇದ್ದರು. ಬೇರೆ ವಿಮಾನಗಳಲ್ಲಿ ಪಳಗಿದ ಕೈಗಳು ಅವು. ಅಂಥವರಿಗೆ ಏನಾಯಿತು?

ಉತ್ತರ ಸಿಕ್ಕಿದ್ದು ಗಾಳಿ ಸುರಂಗದಲ್ಲಿ. ವಿಮಾನವನ್ನು ಕಟ್ಟಿ ನಿಲ್ಲಿಸಿ, ದೈತ್ಯ ಫ್ಯಾನಿನಿಂದ ಅದರ ಮೇಲೆ ಗಾಳಿ ಬಿಟ್ಟು, ಯಾವ ಕೋನದಲ್ಲಿ ಅದರ ಮೇಲೆ ಎಂಥ ಬಲ ಬೀಳುತ್ತದೆಂದು ಅಳೆಯುವ ಏರ್ಪಾಡು ಇದು. ಸಾಮಾನ್ಯವಾಗಿ ಇದರೊಳಗೆ ಹೋಗುವುದು ಪುಟ್ಟ ಮಾದರಿಗಳು. ಆದರೆ ಪ್ಯಾರಿಸ್ಸಿನ ಬಳಿಯ ಶಲೇ-ಮ್ಯೂದೋಂ ಎಂಬಲ್ಲಿ ಮತ್ತು ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ ಇಡೀ ವಿಮಾನವನ್ನೇ ನಿಲ್ಲಿಸಬಲ್ಲ ಸುರಂಗಗಳು ಸಿದ್ಧವಾಗಿ ಆಗಿನ್ನೂ ಒಂದೆರಡು ವರ್ಷವಾಗಿತ್ತಷ್ಟೆ. ಫಾರ್ನ್‌ಬರೋದ ಸುರಂಗದ ಬಾಯಿ 24 ಅಡಿ ಅಗಲ. ಆರು ಮೀಟರಿನ ಹೇನು ಅದರಲ್ಲಿ ಸರಿಯಾಗಿ ಹಿಡಿಸಿತು. 1936ರಲ್ಲಿ ಎರಡೂ ದೇಶಗಳು ಪರೀಕ್ಷೆ ನಡೆಸಿದವು.

ಕಂಡದ್ದು ಇಷ್ಟು. ನೇರ ಹಾರಾಟದಲ್ಲಿ, ಮೆಲ್ಲನೆ ಏರುವಾಗ, ಇಳಿಯುವಾಗ ವಿಮಾನ ಹೇಳಿದಂತೆ ಕೇಳುತ್ತದೆ. ಆದರೆ ಬಿರುಗಾಳಿಯ ಹೊಡೆತಕ್ಕೋ ಪೈಲಟ್ ಬೇಕೆಂದು ಇಳಿಸಿದ್ದಕ್ಕೋ ಮೂತಿ ಸುಮಾರು 15 ಡಿಗ್ರಿಗಿಂತ ಕೆಳಗೆ ಹೋಯಿತೆಂದರೆ ಕೋಲು ಸತ್ತಂತಾಗುತ್ತದೆ. ಪೈಲಟ್ ಕೋಲನ್ನು ಹಿಂದಕ್ಕೆ ಎಳೆಯುತ್ತಾನೆ. ಮುಂದಿನ ರೆಕ್ಕೆ ಓರೆಯಾಗುತ್ತದೆ, ಅದರ ಹಿಂಬದಿ ಅಂಚು ಕೆಳಗಿಳಿದು ಹಿಂದಿನ ರೆಕ್ಕೆಯ ಮೇಲಿನ ಸಂದನ್ನು ಮತ್ತಷ್ಟು ಕಿರಿದು ಮಾಡುತ್ತದೆ. ಕಿರಿದಾದ ಸಂದಿನಲ್ಲಿ ಗಾಳಿ ರಭಸದಿಂದ ನುಗ್ಗಿ ಹಿಂದಿನ ರೆಕ್ಕೆಗೆ ಹೆಚ್ಚು ಎತ್ತುವ ಶಕ್ತಿ ಕೊಡುತ್ತದೆ. ಹಿಂಭಾಗ ಮೇಲೆದ್ದರೆ ಮೂತಿ ಏನಾಗಬೇಕು? ಇನ್ನೂ ಕೆಳಗೆ ಹೋಗಬೇಕು. ವಿಮಾನದ ಭಾರದ ಕೇಂದ್ರ ಇರಬೇಕಾದ್ದಕ್ಕಿಂತ ಹಿಂದೆ ಇದ್ದದ್ದು ಇದಕ್ಕೆ ಕುಮ್ಮಕ್ಕು ಕೊಟ್ಟಿತು.

ಅಂದರೆ, ಸ್ಟಾಲನ್ನು ಕಟ್ಟಿಹಾಕಲು ಮಿನ್ಯೆ ಬಿಟ್ಟಿದ್ದ ಅದೇ ಸಂದು ಪೈಲಟ್ಟಿನ ಕೊರಳಿಗೆ ಉರುಳಾಗಿತ್ತು. ನೆಲ ಎದುರಿಗೆ ನುಗ್ಗಿ ಬರುವಾಗ ಕೋಲನ್ನು ಎಳೆಯದ ಪೈಲಟ್ ಯಾರು? ಬೇರೆ ವಿಮಾನಗಳಲ್ಲಿ ಹೆಚ್ಚು ಪಳಗಿದಷ್ಟೂ ಆ ಎಳೆತ ಹೆಚ್ಚು ಚುರುಕು. ಏರ್‌ಫೋರ್ಸಿನವರ ಅನುಭವ ಅವರನ್ನು ಕಾಯಲಿಲ್ಲ ಎನ್ನುವುದಕ್ಕಿಂತ, ಅದೇ ಅವರಿಗೆ ಎದುರಾಯಿತು ಎನ್ನಬೇಕು. ನಿಧಾನವಾಗಿ, ಗಾಳಿ ಶಾಂತವಾಗಿದ್ದಾಗ ಹಾರಿದ ಹವ್ಯಾಸಿಗೆ ಈ ದೋಷ ವರ್ಷಗಟ್ಟಲೆ ಮುಖ ತೋರಿಸದೆಯೂ ಇರಬಹುದಿತ್ತು.

ಇಲ್ಲಿ ತಪ್ಪು ಯಾರದೆಂಬ ಪ್ರಶ್ನೆ ಆಗಲೇ ಎದ್ದಿತು. ಮಿನ್ಯೆಯನ್ನು ಕೊಲೆಗಾರನೆಂದು ಬೈದವರಿದ್ದರು. ಅದು ಅನ್ಯಾಯ. ಪ್ರಪಂಚಕ್ಕೆ ಹಾರಲು ಹೇಳುವ ಮುನ್ನ ಆತ ತಾನೇ ಹಾರಿದ್ದ, ಸಮುದ್ರ ದಾಟಿದ್ದ. ಆದರೆ ಸಾವಿರಗಟ್ಟಲೆ ಪುಸ್ತಕ ಮಾರಾಟವಾದ ಮೇಲೆ ಸುರಂಗ ಪರೀಕ್ಷೆ ನಡೆಯಿತೇ ಹೊರತು ಪರೀಕ್ಷೆಯಾದ ಮೇಲೆ ಪುಸ್ತಕ ಮಾರಾಟವಾಗಲಿಲ್ಲ. ಬೆನ್ನು ತಟ್ಟಿದ ಸಂಸ್ಥೆಗಳು, ಸುಲಭದ ಪರವಾನಗಿ ಕೊಟ್ಟ ಇಲಾಖೆ, ಹಾಡಿ ಹೊಗಳಿದ ಪತ್ರಿಕೆಗಳು, ಯಾರೂ ಆ ಸರದಿಯನ್ನು ಬದಲಿಸಲು ಹೇಳಲಿಲ್ಲ. ಒಬ್ಬ ಹವ್ಯಾಸಿ ಕಟ್ಟಿ ಬಿದ್ದರೆ ಅದು ಅವನೊಬ್ಬನ ಕಥೆ. ನಕ್ಷೆ ಅಚ್ಚಾಗಿ ಮನೆಮನೆಗೆ ಹೋದಾಗ ದೋಷವೂ ಅದರ ಜೊತೆಗೇ ಮನೆಮನೆಗೆ ಹೋಯಿತು.

ವಿಚಿತ್ರವೆಂದರೆ, ಸಾವುಗಳ ಸುದ್ದಿ ಹಸಿಯಾಗಿರುವಾಗಲೇ 1936ರ ಆಗಸ್ಟ್ 3ರಂದು ಇಂಗ್ಲೆಂಡಿನ ರಾಮ್ಸ್‌ಗೇಟ್‌ನಲ್ಲಿ ಹೇನುಗಳ ಅಂತರರಾಷ್ಟ್ರೀಯ ಪಂದ್ಯವೇ ನಡೆಯಿತು. ಫ್ರಾನ್ಸಿನ ಎದುಆರ್ ಬ್ರೆ ಗೆದ್ದ. ಅದೇ ಕೊನೆಯ ಜಾತ್ರೆ. ಬ್ರಿಟನ್ನಿನಲ್ಲಿ ಹೇನುಗಳಿಗೆ ಪರವಾನಗಿ ಕೊಡುವುದು ನಿಂತಿತು. ಷೆಡ್ಡುಗಳಲ್ಲಿ ಅರ್ಧ ಕಟ್ಟಿದ್ದವು ಹಾಗೇ ಧೂಳು ಹಿಡಿದವು.

ಉಳಿದದ್ದು

ಆದರೆ ಮಿನ್ಯೆ ಕೈಚೆಲ್ಲಲಿಲ್ಲ. ಕಾಯಿಲೆ ಏನೆಂದು ತಿಳಿದ ಮೇಲೆ ಮದ್ದು ಕಷ್ಟವಿರಲಿಲ್ಲ. ಎರಡು ರೆಕ್ಕೆಗಳ ನಡುವಿನ ಸಂದನ್ನು ಅಗಲ ಮಾಡುವುದು, ಭಾರದ ಕೇಂದ್ರವನ್ನು ಮುಂದಕ್ಕೆ ತರುವುದು, ರೆಕ್ಕೆಯ ಆಕಾರ ತಿದ್ದುವುದು. ಹೀಗೆ ತಿದ್ದಿದ ಹೇನುಗಳು ಫ್ರಾನ್ಸಿನಲ್ಲಿ ಹಾರಾಟ ಮುಂದುವರಿಸಿದವು. ಮಿನ್ಯೆ ಅಮೆರಿಕಕ್ಕೆ ಹೋದ, ಯುದ್ಧದ ನಂತರ ದಕ್ಷಿಣ ಅಮೆರಿಕ, ಜಪಾನ್, ಮೊರಾಕೊ ಸುತ್ತಿದ. ಹೋದಲ್ಲೆಲ್ಲ ಅದೇ ಎರಡು ರೆಕ್ಕೆಯ ತತ್ವದ ಮೇಲೆ ಹೊಸ ಹೊಸ ವಿಮಾನ ಮಾಡಿದ. 1965ರಲ್ಲಿ ತೀರಿಕೊಂಡ.

ಅವನ ಪುಸ್ತಕ ಹಚ್ಚಿದ ಗೀಳು ಇನ್ನೊಂದು ರೂಪದಲ್ಲಿ ಬದುಕಿತು. ಯುದ್ಧ ಮುಗಿದ ಮೇಲೆ ಫ್ರಾನ್ಸಿನ ಹವ್ಯಾಸಿಗಳು ಕಟ್ಟಿಕೊಂಡ ಸಂಘ ತನ್ನ ಹೆಸರಿನಲ್ಲೇ ಮಿನ್ಯೆಯ ಪುಸ್ತಕದ ಶೀರ್ಷಿಕೆಯನ್ನು ಇಟ್ಟುಕೊಂಡಿತು. ಬ್ರಿಟನ್ನಿನಲ್ಲಿ 1946ರಲ್ಲಿ, ಅಮೆರಿಕದಲ್ಲಿ 1953ರಲ್ಲಿ ಇಂಥ ಸಂಘಗಳು ಹುಟ್ಟಿದವು. ಬ್ರಿಟನ್ನಿನಲ್ಲಿ ಒಂದು ಮುಖ್ಯ ವ್ಯತ್ಯಾಸ ಬಂತು. ಮನೆಯಲ್ಲಿ ವಿಮಾನ ಕಟ್ಟುವವನ ಕೆಲಸವನ್ನು ಸಂಘ ನೇಮಿಸಿದ ಅನುಭವಿ ತಪಾಸಕ ಹಂತ ಹಂತವಾಗಿ ಬಂದು ನೋಡಬೇಕು. ನಕ್ಷೆಯನ್ನು ಬಲ್ಲವರು ಮೊದಲು ಪರಿಶೀಲಿಸಬೇಕು. ಹೇನುಗಳಿಗಾಗಿ 1935ರಲ್ಲಿ ಹುಟ್ಟಿದ ಹಾರಾಟ ಪರವಾನಗಿ ಮಾತ್ರ ಹೋಗಲಿಲ್ಲ. ಅದೇ ಹೆಸರಿನ ಕಾಗದದ ಮೇಲೆ ಬ್ರಿಟನ್ನಿನ ಮನೆಯಲ್ಲಿ ಕಟ್ಟಿದ ವಿಮಾನಗಳು ಇಂದಿಗೂ ಹಾರುತ್ತಿವೆ.

ಮಿನ್ಯೆಯ ಹಳೆಯ ಹೇನುಗಳು ಈಗ ಮ್ಯೂಸಿಯಂಗಳಲ್ಲಿವೆ. ಕ್ರಾಸ್ಲಿಯ ಜಿರಲೆ ಅಮೆರಿಕದ ಸ್ಮಿತ್‌ಸೋನಿಯನ್ ಸಂಗ್ರಹ ಸೇರಿದೆ. ಆದರೆ ಕುಲ ನಾಶವಾಗಿಲ್ಲ. ಫ್ರಾನ್ಸಿನಲ್ಲಿ ತಿದ್ದುಪಡಿಯಾದ ಎರಡು ರೆಕ್ಕೆಯ ವಿಮಾನಗಳನ್ನು ಕಟ್ಟಿ ಹಾರುವವರು ಈಗಲೂ ಇದ್ದಾರೆ. ಅವುಗಳಲ್ಲಿ 'ಪೂಶೆಲ್' ಎಂಬುದೊಂದಿದೆ. ಹೇನಿಗೆ ಫ್ರೆಂಚಿನಲ್ಲಿ ಪೂ, ಏಣಿಗೆ ಎಶೆಲ್. ಎರಡನ್ನೂ ಸೇರಿಸಿ ಮಾಡಿದ ಹೆಸರು. ಅಂಗಡಿಯಲ್ಲಿ ಸಿಗುವ ಅಲ್ಯೂಮಿನಿಯಂ ಏಣಿಗಳನ್ನೇ ಜೋಡಿಸಿ ಅದರ ಒಡಲನ್ನು ಕಟ್ಟಿದ್ದರು. ಅದು ಚೆನ್ನಾಗಿಯೇ ಹಾರಿತು. ಏಣಿ ಮಾಡುವ ಕಂಪನಿಗೆ ಮಾತ್ರ ದಿಗಿಲಾಯಿತು: ಏನಾದರೂ ಹೆಚ್ಚು ಕಡಿಮೆಯಾದರೆ ತನ್ನ ತಲೆಗೆ ಬಂದೀತೆಂದು ಅದು ಆತಂಕ ವ್ಯಕ್ತಪಡಿಸಿತು. ವಿನ್ಯಾಸಕಾರರು ಏಣಿ ಬಿಟ್ಟು, ಬೇರೆ ಅಲ್ಯೂಮಿನಿಯಂ ಕೊಳವೆಗಳಿಂದ ಎರಡನೆಯ ಪೂಶೆಲ್ ಮಾಡಿದರು.